ಹುಲ್ಲಿನ ಮಿಮೂನ್ ಬೀಗರ ಬಾಗಿಲಿಗೆ ಹೋದದ್ದು

ಅಸಾಕಾದಲ್ಲಿ ಮಿಮೂನನ ಮನೆ ಯಾವುದು ಎಂದು ಕೇಳಿದರೆ ಜನ ನಿಮ್ಮ ಮುಖ ನೋಡುತ್ತಾರೆ. ಹುಲ್ಲಿನ ಮಿಮೂನನ ಮನೆ ಎಂದರೆ ಮಾತ್ರ ಕೈಯೆತ್ತಿ ಹೊಳೆಯ ಕಡೆ ತೋರಿಸುತ್ತಾರೆ. ತೋರಿಸುವಾಗ ತುಟಿಯಂಚಿನಲ್ಲಿ ಒಂದು ನಗೆಯೂ ಇರುತ್ತದೆ. ಆ ಹೆಸರು ಬಿರುದಲ್ಲ, ಕುಟುಕು. ದೇವದಾರು ಕಾಡಿನ ಕೆಳಗಿನ ಈ ಸೀಮೆಯಲ್ಲಿ ಮನೆಗೆ ಬಂದವನಿಗೆ ಪುದೀನ ಚಹಾ, ಅವನ ಕುದುರೆಗೆ ಮೊರದ ತುಂಬ ಜವೆಗೋಧಿ. ಇವೆರಡರಲ್ಲಿ ಒಂದು ತಪ್ಪಿದರೂ ಆ ಮನೆಗೆ ಮರ್ಯಾದೆ ಇಲ್ಲ. ಹುಲ್ಲು ಹಸುವಿಗೆ, ಹುಲ್ಲು ಹೇಸರಗತ್ತೆಗೆ. ಬಂದವರ ಕುದುರೆಯ ಮುಂದೆ ಮೊದಲು ಹುಲ್ಲಿನ ಹೊರೆ ಬಿಚ್ಚಿ, ಆಮೇಲೆ ಎರಡು ಬೊಗಸೆ ಜವೆ ಹಾಕುವ ಗಂಡಸು ಊರಿಗೆಲ್ಲ ಅವನೊಬ್ಬನೇ. ಜಿಪುಣ ಎನ್ನುವುದಕ್ಕೆ ಊರಿನವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವನು ಜಿಪುಣನಲ್ಲ. ಹರೆಯದಲ್ಲಿ ಬಯಲುಸೀಮೆಯ ಒಬ್ಬ ದೊಡ್ಡ ಕುಳದ ಲಾಯದಲ್ಲಿ ದುಡಿದಿದ್ದ. ಅಲ್ಲಿ ಒಂದು ಹಬ್ಬದ ಮಾರನೆಯ ದಿನ, ಬಂದೂಕು ಹಾರಿಸುವ ಸವಾರರ ಸಾಲಿನಲ್ಲಿ ಮೆರೆದಿದ್ದ ಬೂದುಬಣ್ಣದ ಗಂಡುಕುದುರೆ ಹೊಟ್ಟೆಶೂಲೆ ಬಂದು ನೆಲಕ್ಕೆ ಬಿದ್ದು ಹೊರಳಾಡಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದ. ಮೆರವಣಿಗೆಯಲ್ಲಿ ಹೊಟ್ಟೆ ಒಳಸೇದಿ ಚೆಂದ ಕಾಣಲೆಂದು ಅದಕ್ಕೆ ದಿನಗಟ್ಟಲೆ ಹುಲ್ಲು ತಪ್ಪಿಸಿ ಬರೀ ಜವೆ ತಿನ್ನಿಸಿದ್ದರು. ಕಣ್ಣು ತಾಗಿತು ಎಂದು ಒಡೆಯ ಅತ್ತ. ಲಾಯದ ಮುದುಕ ಮಾತ್ರ ಮಿಮೂನನ ಕಿವಿ ಹಿಂಡಿ, "ಕಣ್ಣಲ್ಲ ಕಣೋ, ಬಾಯಿ. ನಮ್ಮ ಕೈ ತಾಗ್ತು ಅದಕ್ಕೆ" ಎಂದಿದ್ದ. ಆ ಮಾತು ಕಿವಿಯಲ್ಲೇ ಉಳಿಯಿತು.

ಅಂದಿನಿಂದ ಹುಲ್ಲೇ ಅವನ ವಿದ್ಯೆ. ಯಾರೂ ಮೇಯಿಸದಂತೆ ಹೊಳೆಬದಿಯ ಹುಲ್ಲುಗಾವಲಿಗೆ ಹಾಕಿದ ಕಾವಲನ್ನು ಊರ ಹಿರಿಯರು ತೆಗೆದ ಬೆಳಗ್ಗೆ ಕುಡುಗೋಲು ಹಿಡಿದು ಮೊದಲು ಇಳಿಯುವವನು ಅವನೇ. ಹುಲ್ಲು ಹೂ ಬಿಟ್ಟಿರಬೇಕು, ಬೀಜ ಕಟ್ಟಿರಬಾರದು. ಕೊಯ್ದದ್ದನ್ನು ಬಿಸಿಲಿಗೆ ಹರವಿ, ಮಗ್ಗುಲು ಬದಲಿಸಿ, ಒಂದು ಹಿಡಿ ತೆಗೆದು ಕಿವಿಯ ಹತ್ತಿರ ತಿರುಚುತ್ತಾನೆ. ಗರಗರ ಎನ್ನಬೇಕು, ಪುಡಿಯಾಗಬಾರದು. ಆಮೇಲೆ ಮೂಗಿಗೆ ಹಿಡಿಯುತ್ತಾನೆ. ಮುಗ್ಗಲು ವಾಸನೆ ಬಂದ ಹೊರೆ ಮಾಡಿಗೆ ಹೊದಿಸಲು ಹೋಗುತ್ತದೆಯೇ ಹೊರತು ಗೋದಲಿಗೆ ಬೀಳುವುದಿಲ್ಲ. ಕುದುರೆಗೆ ಹಾಕುವ ಮೊದಲು ಕೊಡವಿ ಧೂಳು ತೆಗೆದು ನೀರು ಚಿಮುಕಿಸುತ್ತಾನೆ. ಒಂದೇ ಸಲ ಗುಡ್ಡೆ ಹಾಕುವವನಲ್ಲ. ಬೆಳಗಿನಿಂದ ಕತ್ತಲಾಗುವವರೆಗೆ ಸ್ವಲ್ಪ ಸ್ವಲ್ಪ, ಬಾಯಿ ಸುಮ್ಮನಿರದ ಹಾಗೆ. ಹೊಸ ಹುಲ್ಲು ಬಂದಾಗಲೂ ಹಳೆಯದರ ಜೊತೆ ಬೆರೆಸಿ ಬೆರೆಸಿ ರೂಢಿ ಮಾಡಿಸುತ್ತಾನೆ.

"ಹುಲ್ಲು ಸಂಸಾರ, ಜವೆ ಹಬ್ಬ" ಎನ್ನುತ್ತಿದ್ದ. "ದಿನಾ ಹಬ್ಬ ಮಾಡಿದ ಮನೆ ಉಳಿದದ್ದುಂಟಾ?"

ಊರಿನವರು ಬಿಡುತ್ತಿದ್ದರೇ? ಸಂತೆಯಲ್ಲಿ ಲಾಳ ಕಟ್ಟುವವನು ಕೂಗಿ ಕೇಳುತ್ತಿದ್ದ: "ಏನ್ ಮಿಮೂನಣ್ಣ, ನಿನ್ ಕುದ್ರೆ ಎಷ್ಟು ಹಾಲು ಕೊಡ್ತದೆ? ಹುಲ್ ಹಾಕಿ ಹಾಕಿ ಹಸು ಮಾಡ್ಬುಟ್ಟಿದ್ದೀಯಲ್ಲ!"

"ಹಾಲು ಕೊಡಕ್ಕಿಲ್ಲ ಕಣಯ್ಯ, ದಿನಾ ತಪ್ಪದೆ ಲದ್ದಿ ಕೊಡ್ತದೆ. ನಿನ್ ಕುದ್ರೆ ಅದ್ರಲ್ಲೂ ಜಿಪುಣತನ ಮಾಡ್ತದಂತಲ್ಲ?"

ನಗು ಅತ್ತಿಂದಿತ್ತ ತಿರುಗುತ್ತಿತ್ತು. ಆದರೆ ಮಿಮೂನನ ಮಗ ಝಾಯಿದ್ ಆ ನಗುವಿನಲ್ಲಿ ಸೇರುತ್ತಿರಲಿಲ್ಲ. ಹುಲ್ಲಿನವನ ಮಗ ಎನ್ನಿಸಿಕೊಂಡು ಅವನ ಜೀವ ರೋಸಿಹೋಗಿತ್ತು.

ಮಿಮೂನನಿಗೆ ಇದ್ದದ್ದು ಒಂದೇ ಹೆಣ್ಣುಕುದುರೆ. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದದ್ದರಿಂದ ತಿತ್ರೀತ್, ಅಂದರೆ ನಕ್ಷತ್ರ, ಎಂದು ಹೆಸರಿಟ್ಟವಳು ಮಗಳು ಇತ್ತೊ. ಆ ಹುಡುಗಿ ಬೆಳೆದದ್ದೇ ಹುಲ್ಲಿನ ಮೆದೆಯ ಮೇಲೆ. ಅವಳಿಗೆ ಬೆಟ್ಟದಾಚೆಯ ತಾಝೂತಾ ಊರಿನಲ್ಲಿ, ಒಂದು ಕಾಲಕ್ಕೆ ಕುದುರೆಗೆ ಹೆಸರಾದ ಮನೆತನದಲ್ಲಿ ಸಂಬಂಧ ಕೂಡಿತು. ಮದುವೆಗೆ ದಿಂಬು ಹೊಲಿಯುವಾಗ ಇತ್ತೊ ಉಣ್ಣೆಯನ್ನು ಪಕ್ಕಕ್ಕೆ ತಳ್ಳಿ ಹುಲ್ಲು ತುಂಬತೊಡಗಿದಳು. ತಾಯಿ ಯಾಮ್ನಾ ಹೌಹಾರಿದಳು.

"ಅಯ್ಯೋ ನಿನ್ ಬಾಯಿಗ್ ಸಕ್ರೆ ಹಾಕ! ಮದುವಣಗಿತ್ತಿ ದಿಂಬಿಗೆ ಹುಲ್ ತುಂಬ್ತಾರೇನೆ? ನಿಮ್ಮಪ್ಪನ ಹುಚ್ಚು ನಿನಗೂ ಹತ್ತಿಕೊಂತಾ?"

"ಉಣ್ಣೆ ವಾಸ್ನೆ ಎಲ್ಲಾರ ಮನೇಲೂ ಒಂದೇ ಕಣವ್ವ. ಇದು ನಮ್ಮನೆದು."

"ಗಂಡ ಸೀನ್ತಾನೆ, ನೋಡ್ತಿರು."

"ಸೀನಲಿ ಬುಡು. ನಾನು ಪಕ್ಕದಾಗೆ ಇದ್ದೀನಿ ಅಂತ ಗೊತ್ತಾಯ್ತದಲ್ಲ."

ಮಿಮೂನ್ ಬಾಗಿಲಾಚೆ ಜೀನಿಗೆ ಎಣ್ಣೆ ಹಚ್ಚುತ್ತ ಕೇಳದವನಂತೆ ಕೂತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ, ಕಾಡುಪುದೀನದ ಕಡ್ಡಿ ಬೆರೆತ ಎರಡನೆಯ ಕೊಯ್ಲಿನ ಮೆತ್ತನೆಯ ಹುಲ್ಲನ್ನು ತಬ್ಬಿಕೊಂಡು ಬಂದು, ಮಗಳ ಮುಂದೆ ಹಾಕಿ ಹೊರಟುಹೋದ.

ಈ ಊರುಗಳ ಪದ್ಧತಿ ಹೀಗೆ: ಹೆಣ್ಣು ತವರಿನ ಹೆಣ್ಣುಕುದುರೆಯ ಮೇಲೆ ಗಂಡನ ಮನೆ ಸೇರಬೇಕು. ಅಣ್ಣತಮ್ಮಂದಿರು ಜೊತೆಗೆ ಹೋಗಬಹುದು, ತಂದೆ ಹೋಗಕೂಡದು. ವಾರ ತುಂಬುವ ಮುಂಚೆ ಅವನು ಬೀಗರ ಊರಿನಲ್ಲಿ ಕಾಣಿಸಿಕೊಂಡರೆ ಕೊಟ್ಟ ಹೆಣ್ಣನ್ನು ಮರಳಿ ಕೇಳಲು ಬಂದ ಎಂದು ಆಡಿಕೊಳ್ಳುತ್ತಾರೆ. ಕುದುರೆ ಮಾತ್ರ ಮಾರನೆಯ ದಿನ ಖಾಲಿ ಜೀನು ಹೊತ್ತು, ಜೀನಿನ ಕೊಂಬಿಗೆ ಅತ್ತೆ ಕಟ್ಟಿದ ರೊಟ್ಟಿ ಹೊತ್ತು, ತನ್ನ ಕಾಲಿನ ಮೇಲೆ ತಾನು ತವರಿಗೆ ಮರಳಬೇಕು. ಅದಕ್ಕೇನಾದರೂ ಆದರೆ ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದೇ ಲೆಕ್ಕ. ಆ ಮಾತು ಒಮ್ಮೆ ಅಂಟಿತೋ, ಹೆಣ್ಣು ಮುದುಕಿಯಾದರೂ ಬಿಡುವುದಿಲ್ಲ. ಮುಂದೆ ಆ ಮನೆಯಲ್ಲಿ ಹಾಲು ಒಡೆದರೂ ಅವಳೇ, ಆಡು ಕುಂಟಿದರೂ ಅವಳೇ.

ಅದಕ್ಕೇ ಮಿಮೂನ್ ದಿಬ್ಬಣ ಹೊರಡುವಾಗ ಒಂದು ಹೇಸರಗತ್ತೆಯ ಮೇಲೆ ಹುಲ್ಲಿನ ಹೊರೆ ಹೇರಿ ಮಗನ ಭುಜ ಹಿಡಿದು ಹೇಳಿದ: "ನೋಡಪ್ಪ ಝಾಯಿದ್, ಅಲ್ಲಿ ಹೋದೇಟ್ಗೆ ಇದನ್ನ ಹಾಕು. ಹಾಕ್ತಾ ಇರು. ಜವೆ ಅವರು ಕೊಟ್ಟೇ ಕೊಡ್ತಾರೆ. ಮರ್ಯಾದೆಗೆ ಒಂದ್ ಬೊಗಸೆ ತಿನ್ಲಿ, ಸಾಕು."

"ಆಯ್ತಪ್ಪ, ಆಯ್ತು" ಎಂದ ಝಾಯಿದ್, ನೆಂಟರು ಕೇಳಿಸಿಕೊಂಡರೇ ಎಂದು ಹಿಂದೆ ಮುಂದೆ ನೋಡುತ್ತ.

ಮಾರನೆಯ ದಿನ ಬಿಸಿಲು ಏರುವ ಹೊತ್ತಿಗೆ ಮಿಮೂನ್ ಹೊಳೆ ದಾಟುವ ಕಡೆ ಕಣ್ಣು ನೆಟ್ಟು ಕೂತಿದ್ದ. ಬಂದದ್ದು ತಿತ್ರೀತ್ ಅಲ್ಲ, ನೊರೆ ಸುರಿಸುತ್ತಿದ್ದ ಹೇಸರಗತ್ತೆಯ ಮೇಲೆ ಝಾಯಿದ್.

"ಅಪ್ಪ, ತಿತ್ರೀತ್..."

"ಸತ್ತೋಯ್ತಾ?"

"ಇಲ್ಲ. ನಿಂತಲ್ಲಿ ನಿಲ್ಲಲ್ಲ. ಕಾಲಲ್ಲಿ ನೆಲ ಕೆರೀತದೆ. ತಿರುತಿರುಗಿ ಹೊಟ್ಟೆ ನೋಡ್ಕೊಳ್ತದೆ."

ಮಿಮೂನನಿಗೆ ಮುಂದಿನದು ಕೇಳಬೇಕಾಗಿರಲಿಲ್ಲ. ಅಂಗಡಿಯ ಫೋನಿನಿಂದ ಸಂತೆಪೇಟೆಯ ಪಶುವೈದ್ಯೆಗೆ ಹೇಳಿ ಅವರ ಜೀಪಿನಲ್ಲೇ ತಾಝೂತಾಕ್ಕೆ ಬಾ ಎಂದು ಮಗನನ್ನು ಓಡಿಸಿ, ತಾನು ಅದೇ ಹೇಸರಗತ್ತೆಯನ್ನು ತಿರುಗಿಸಿದ. ಯಾಮ್ನಾ ಅಡ್ಡ ನಿಂತಳು.

"ವಾರ ತುಂಬಿಲ್ಲ ಕಣ್ರೀ! ಜನ ಏನಂದಾರು? ಮಗಳ ಬಾಳು ಏನಾಗ್ಬೇಕು?"

"ಕುದ್ರೆ ಸತ್ರೆ ಏನಂತಾರೆ, ಅದು ಗೊತ್ತಲ್ಲ ನಿಂಗೆ? ನಾನು ಅವರ ಹೊಸ್ತಿಲು ತುಳಿಯಲ್ಲ. ಕುದ್ರೆ ಏನು ಹೊಸ್ತಿಲೊಳಗೆ ಕಟ್ಟಿರ್ತಾರಾ?"

ಬೆಟ್ಟ ಹತ್ತುವಾಗ ಅವನಿಗೆ ಬೂದುಬಣ್ಣದ ಆ ಕುದುರೆ ಹೊರಳಾಡಿದ್ದೇ ಕಣ್ಣಿಗೆ ಕಟ್ಟುತ್ತಿತ್ತು. ತಾನೇ ಹೊರೆಯ ಜೊತೆ ಹೋಗಬೇಕಿತ್ತು, ಹೋಗುವಂತಿರಲಿಲ್ಲ. ಬೀಗರಿಗೆ ಮೊದಲೇ ಬಾಯಿಬಿಟ್ಟು ಹೇಳಬಹುದಿತ್ತು. ನಿಶ್ಚಯದ ದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಜಿಪುಣನ ಮಗಳು ಎನ್ನುತ್ತಾರೆಂದು ನುಂಗಿಕೊಂಡಿದ್ದ. ನುಂಗಿದ್ದು ಈಗ ಕುದುರೆಯ ಹೊಟ್ಟೆಯಲ್ಲಿ ಕೂತಿದೆ ಅನ್ನಿಸಿತು.

ತಾಝೂತಾದಲ್ಲಿ ಬೀಗರ ಮನೆಯ ಮುಂದಿನ ಕಣದ ಸುತ್ತ ಮದುವೆಯ ಮಂದಿಯೆಲ್ಲ ನೆರೆದಿತ್ತು. ನಡುವೆ ತಿತ್ರೀತ್. ಮೈಯೆಲ್ಲ ಬೆವರು, ಮೂಗಿನ ಹೊಳ್ಳೆ ಅರಳಿತ್ತು. ಮಲಗಲು ಮಂಡಿ ಮಡಿಸುವುದು, ಯಾರೋ ಗದರುವುದು, ಮತ್ತೆ ಏಳುವುದು. ಒಬ್ಬ ಮುದುಕಿ ದೃಷ್ಟಿ ತೆಗೆಯಲು ಉಪ್ಪು, ಪಟಿಕ ಹಿಡಿದು ಅದರ ಸುತ್ತ ಸುತ್ತುತ್ತಿದ್ದಳು. ಮಿಮೂನನನ್ನು ಕಂಡು ಜನ ದಾರಿ ಬಿಟ್ಟರು. ಗಂಡಿನ ತಾಯಿ ತೂದಾ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. ಗಂಡ ಸತ್ತ ಮೇಲೆ ಆ ಮನೆಯ ಯಜಮಾನಿಕೆ ಅವಳದೇ.

"ಬೀಗರೇ! ವಾರ ತುಂಬೋಕ್ ಮುಂಚೇನೇ ಬಂದ್ಬುಟ್ರಾ?"

"ಮಗಳ ಹತ್ರ ಬಂದಿಲ್ಲ ಬೀಗಿತ್ತಿ. ಕುದ್ರೆ ಹತ್ರ ಬಂದೆ. ಕಣದಿಂದ ಆಚೆ ಕಾಲಿಡಲ್ಲ."

"ನಮ್ಮ ಕಡೆಯಿಂದ ಕುಂದು ಆಯ್ತು ಅನ್ಬ್ಯಾಡಿ ಮತ್ತೆ. ಬೀದೀಲಿ ಒಂದ್ ಮನೇನೂ ಬಿಡದಂಗೆ ಎಲ್ಲಾರೂ ಜವೆ ಸುರಿದವ್ರೆ. ನಾನೇ ಎರಡು ಮೊರ ಸುರಿದೆ. ಬೀಗರ ಕುದ್ರೆ ಹಸಿದಿತ್ತು ಅಂತ ಹೇಳೋ ನಾಲಿಗೆ ಇದ್ರೆ ತೋರ್ಸಿ!"

ಮಿಮೂನನಿಗೆ ಸಿಟ್ಟು ಬರಲಿಲ್ಲ. ಬೀದಿಗೆ ಬೀದಿಯೇ ತನ್ನ ಮಗಳಿಗೆ ಮರ್ಯಾದೆ ಮಾಡಿತ್ತು. ಮಾಡಿದ ಮರ್ಯಾದೆಯೇ ಕುದುರೆಯನ್ನು ಕೊಲ್ಲುತ್ತಿತ್ತು. ಯಾರನ್ನು ಬೈಯುವುದು?

"ಮರ್ಯಾದೆ ಏನೂ ಕಡಿಮೆ ಆಗಿಲ್ಲ ತಾಯಿ" ಎಂದ. "ಅದರ ಹೊಟ್ಟೆ ಚಿಕ್ಕದಾಯ್ತು. ನಾನ್ ಕಳ್ಸಿದ್ ಹುಲ್ಲು?"

"ಹುಲ್ಲಾ? ಅದು ಹೇಸರಗತ್ತೆಗೆ ಅಂತ ನಿಮ್ ಮಗನೇ ಹೇಳಿದ. ನೆಂಟರ ಹೇಸರಗತ್ತೆಗಳು ಒಂದ್ ಕಡ್ಡಿ ಬಿಡದೆ ತಿಂದ್ವು."

ಮಿಮೂನ್ ಕುದುರೆಯ ಪಕ್ಕೆಗೆ ಕಿವಿ ಇಟ್ಟ. ಎಂದೂ ಗಿರಣಿಯಂತೆ ಗುಡುಗುಡು ಎನ್ನುವ ಹೊಟ್ಟೆ, ಪಾಳುಮನೆಯ ಹಾಗೆ ಬಿಕೋ ಎನ್ನುತ್ತಿತ್ತು. ಹಗ್ಗ ಹಿಡಿದು ಕಣದ ಸುತ್ತ ನಡೆಸತೊಡಗಿದ. ಕುದುರೆ ಮಲಗಲು ಹವಣಿಸಿದಾಗಲೆಲ್ಲ ಬೇಡಿಕೊಂಡು ಎಬ್ಬಿಸಿದ. ಹಿಂದಿನಿಂದ ಹೆಂಗಸರ ಪಿಸುಮಾತು ಬೀಳುತ್ತಿತ್ತು.

"ಹೊಸ ಸೊಸೆ ಕಾಲಿಟ್ಟ ಗಳಿಗೆ ನೋಡವ್ವ..."

"ಮೊದಲ ದಿನವೇ ಹಿಂಗಾದ್ರೆ ಮುಂದೆ ದೇವ್ರೇ ಗತಿ."

ಮಹಡಿಯ ಸಣ್ಣ ಕಿಟಕಿಯಲ್ಲಿ ಕೆಂಪು ಮುಸುಕು ಅಲುಗಿತು. ಮಿಮೂನ್ ತಲೆಯೆತ್ತಲಿಲ್ಲ. ಹಗ್ಗ ಹಿಡಿದು ಇನ್ನೊಂದು ಸುತ್ತು ಹಾಕಿದ.

ಜೀಪು ಬಂತು. ವೈದ್ಯೆ ನಜಾತ್ ಇಳಿದವಳೇ ಕುದುರೆಯ ವಸಡು ನೋಡಿ, ಎರಡೂ ಪಕ್ಕೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದಳು.

"ನಡೆಸಿದ್ದು ಯಾರು?"

"ನಾನೇ ತಾಯಿ."

"ಒಳ್ಳೇದಾಯ್ತು. ಆದ್ರೆ ಇನ್ನು ಸಾಕು ಯಜಮಾನ್ರೇ, ಸುಸ್ತಾಗಿದೆ ಅದು. ಸುಮ್ನೆ ನಿಂತ್ರೆ ನಿಲ್ಲಲಿ. ಹೊರಳಾಡದಂಗೆ ನೋಡ್ಕೊಂಡ್ರೆ ಸಾಕು."

ಮಿಮೂನ್ ಹಗ್ಗ ಸಡಿಲ ಬಿಟ್ಟ. ತನ್ನ ಗಾಬರಿಯನ್ನೂ ಆ ಬಡಪ್ರಾಣಿಯ ಕಾಲಿಗೆ ಕಟ್ಟಿ ನಡೆಸಿದ್ದೆ ಎಂದು ಆಗ ಹೊಳೆಯಿತು. ನಜಾತ್ ನೋವಿಗೆ ಸೂಜಿ ಚುಚ್ಚಿದಳು. ಮೂಗಿನೊಳಗಿಂದ ಉದ್ದನೆಯ ಕೊಳವೆ ಇಳಿಸಿ ಎಣ್ಣೆ ಬಿಟ್ಟಳು. ಕೊಳವೆ ಎತ್ತಿಹಿಡಿದು ನಿಂತವನು ಝಾಯಿದ್.

"ಒಳಗೆ ಸದ್ದು ತೀರಾ ನಿಂತಿಲ್ಲ" ಎಂದಳು ವೈದ್ಯೆ ಕೈ ಒರೆಸಿಕೊಳ್ಳುತ್ತ. "ಲದ್ದಿ ಹಾಕಿದ್ರೆ ಬದುಕ್ತು. ಹಾಕೋ ತನಕ ಬಾಯಿಗೆ ಏನೂ ಬೇಡ. ಹಾಕಿದ ಮೇಲೆ ಸ್ವಲ್ಪ ನೀರು, ಆಮೇಲೆ ನೀರಲ್ಲಿ ನೆನೆಸಿದ ಒಳ್ಳೇ ಹುಲ್ಲು, ಒಂದೊಂದೇ ಹಿಡಿ. ಜವೆ ಹೆಸರೇ ಎತ್ತಬೇಡಿ. ನೋವು ಮರುಕಳಿಸಿದ್ರೆ ತಕ್ಷಣ ಹೇಳಿಕಳಿಸಿ." ಪಕ್ಕದ ಊರಿನಲ್ಲಿ ಇನ್ನೊಂದು ಕರೆ ಇದೆಯೆಂದು ಜೀಪು ಹತ್ತಿದಳು.

ಜೀಪಿನ ಧೂಳು ಅಡಗಿದ ಮೇಲೆ ಝಾಯಿದ್ ಅಪ್ಪನ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

"ಎಲ್ಲಾರೂ ನಗಾಡಿದ್ರಪ್ಪ. ಬೀಗರು ಹುಲ್ ಕಳ್ಸವ್ರೆ ಅಂತ. ನಂಗೆ..."

"ಗೊತ್ತಾಯ್ತು ಬುಡು."

"ಒಂದೇಟು ಹೊಡೆದ್ಬುಡು."

"ಹೊಡೆದ್ರೆ ಲದ್ದಿ ಹಾಕ್ತದಾ? ಹಾಕಂಗಿದ್ರೆ ಹೇಳು, ಹೊಡೀತೀನಿ. ನಾನೂ ಹೇಳ್ಬೇಕಾದ ಕಡೆ ಹೇಳ್ದೆ ಸುಮ್ನಾದವನೇ. ಹೋಗು, ಒಂದ್ ಬಕೀಟು ನೀರು ಬೆಚ್ಚಗ್ ಮಾಡಿಸ್ಕೊಂಡ್ ಬಾ."

ಕಾಯುವುದು ಶುರುವಾಯಿತು. ಕುಣಿಯಬೇಕಿದ್ದ ಮಂದಿ ತಮಟೆಗಳನ್ನು ಮಡಿಲಲ್ಲಿಟ್ಟುಕೊಂಡು ಕಣದ ಅಂಚಿನಲ್ಲಿ ಕೂತರು. ಮದುವೆಗೆ ಬಂದವರೆಲ್ಲ ಮದುಮಕ್ಕಳನ್ನು ಮರೆತು ಒಂದು ಕುದುರೆಯ ಬಾಲವನ್ನೇ ದಿಟ್ಟಿಸುತ್ತಿದ್ದರು. ಬಾಲ ತುಸು ಎತ್ತಿದರೆ ಸಾಕು, ಎಲ್ಲರ ಕತ್ತೂ ನಿಗುರುತ್ತಿತ್ತು. ಬರೀ ನೊಣ ಓಡಿಸಿಕೊಂಡಿತು ಎಂದಾಗ ಎಲ್ಲರ ಉಸಿರೂ ಒಟ್ಟಿಗೆ ಇಳಿಯುತ್ತಿತ್ತು.

ತೂದಾ ತಾನೇ ಚಹಾದ ತಟ್ಟೆ ಹಿಡಿದು ಬಂದಳು.

"ಬ್ಯಾಡ ಬೀಗಿತ್ತಿ, ವಾರ ತುಂಬಿಲ್ಲ."

"ಕಣ ಏನು ನಮ್ಮಪ್ಪಂದಾ? ಊರಿಂದು. ಊರ ಚಹಾ ಅಂದ್ಕೊಂಡು ಕುಡೀರಿ."

ಅವನು ಕುಡಿದ. ಅವಳು ಹೋಗಲಿಲ್ಲ, ಸೆರಗಿನ ತುದಿ ತಿರುಚುತ್ತ ನಿಂತಳು. ಜಂಬ ಇಳಿದ ದನಿಯಲ್ಲಿ, ಕುದುರೆಯ ಕಡೆಗೇ ನೋಡುತ್ತ ಹೇಳಿದಳು: "ನಮ್ ಯಜಮಾನ್ರು ಒಂದ್ ಕರಿ ಕುದ್ರೆ ಸಾಕಿದ್ರು. ಅದೂ ಹಿಂಗೇ ನೆಲ ಕೆರೀತು, ಹಿಂಗೇ ಹೊಟ್ಟೆ ನೋಡ್ಕೊಂತು. ಹಿಂದಿನ ದಿನ ಅವರು ಅದಕ್ಕೆ ತಮ್ಮ ಕೈಯಾರೆ ಜವೆ ತಿನ್ನಿಸಿದ್ರು. ನಾವು ಕಣ್ಣು ತಾಗ್ತು ಅಂದ್ವಿ. ಅವರು ಆಮೇಲೆ ಕುದ್ರೆ ಏರ್ಲೇ ಇಲ್ಲ."

ಮಿಮೂನನ ಬಾಯಲ್ಲಿ ಸಂಸಾರ, ಹಬ್ಬ ಎಂಬ ತನ್ನ ಹಳೆಯ ಮಾತು ಸಿದ್ಧವಾಗಿತ್ತು. ಆಡಿದ್ದರೆ ಗೆಲ್ಲುತ್ತಿದ್ದ. ಅವನು ಲೋಟ ಕೆಳಗಿಟ್ಟು, "ಪ್ರೀತಿಯಿಂದ ಹಾಕಿದ್ದು ತಾಯಿ. ಕುದ್ರೆಗೂ ಅದು ಗೊತ್ತಿರ್ತದೆ" ಎಂದಷ್ಟೇ ಹೇಳಿದ.

ನೆರಳು ಉದ್ದವಾಗಿ ಕಣದ ನಡುವಿಗೆ ಬಂತು. ಮಿಮೂನ್ ಮತ್ತೆ ಪಕ್ಕೆಗೆ ಕಿವಿಯಿಟ್ಟ. ದೂರದ ಬೆಟ್ಟದ ಹಿಂದೆ ಮೋಡ ಉರುಳಿದ ಹಾಗೆ ಏನೋ ಒಂದು. ಆಮೇಲೆ ಮತ್ತೊಂದು. ತಿತ್ರೀತ್ ಬಾಲ ಎತ್ತಿತು. ಈ ಸಲ ನೊಣಕ್ಕಲ್ಲ.

ಎಣ್ಣೆ ಹೊಳೆಯುವ ಲದ್ದಿ ಕಣಕ್ಕೆ ಬಿದ್ದದ್ದೇ ತಡ, ತೂದಾ ಬಾಯಿಗೆ ಕೈ ಅಡ್ಡ ಹಿಡಿದು ನಾಲಿಗೆ ಹೊರಳಿಸಿ ಕೇಕೆ ಹಾಕಿದಳು. ಮದುಮಗಳು ಬಂದಿಳಿದಾಗಲೂ ಅಷ್ಟು ಜೋರಾಗಿ ಹಾಕಿರಲಿಲ್ಲ ಎಂದು ಆಮೇಲೆ ಊರು ಆಡಿಕೊಂಡಿತು. ಬೀದಿಯ ಹೆಂಗಸರೆಲ್ಲ ದನಿ ಕೂಡಿಸಿದರು. ತಮಟೆ ಎದ್ದವು. ಕಾಲ್ಗುಣದ ಮಾತಾಡಿದ್ದವಳೂ ಕೇಕೆ ಹಾಕುತ್ತಿದ್ದಳು. ಮಿಮೂನ್ ಕುದುರೆಯ ಕತ್ತಿಗೆ ಹಣೆಯಾನಿಸಿ ನಿಂತುಬಿಟ್ಟ. ಮಗ ತಂದ ನೀರನ್ನು ಅದು ನಾಲ್ಕು ಗುಟುಕು ಕುಡಿಯಿತು.

"ಹುಲ್ಲು ತನ್ನಿ" ಎಂದ ಮಿಮೂನ್.

ಎಲ್ಲಿಂದ ತರುವುದು? ಊರಿನಲ್ಲಿ ಇದ್ದದ್ದು ಧೂಳು ತುಂಬಿದ ಜವೆಯ ಹೊಟ್ಟು. ಹೇಸರಗತ್ತೆಗಳು ನಗುವ ಹಾಗೆ ನಿಂತಿದ್ದವು. ಝಾಯಿದ್ ತಾನು ಅಸಾಕಾಕ್ಕೆ ಓಡುತ್ತೇನೆಂದು ನಡು ಕಟ್ಟಿದ. ಅಷ್ಟರಲ್ಲಿ ಬಾಗಿಲಲ್ಲಿ ಕೆಂಪು ಮುಸುಕು ಕಾಣಿಸಿತು.

ಮದುವಣಗಿತ್ತಿ ವಾರ ತುಂಬುವ ತನಕ ಗಂಡಸರ ಮುಂದೆ ಹೊರಬರುವಂತಿಲ್ಲ. ಇತ್ತೊ ಗೋರಂಟಿ ಹಚ್ಚಿದ ಕಾಲಿನಲ್ಲಿ ಮೆಟ್ಟಿಲಿಳಿದು, ಹೊಸ್ತಿಲು ದಾಟಿ, ಎದೆಗೆ ದಿಂಬು ಅವಚಿಕೊಂಡು ಕಣದ ನಡುವೆ ಬಂದಳು. ಗಂಡನ ಕಡೆ ನೋಡಲಿಲ್ಲ, ಅತ್ತೆಯ ಕಡೆ ನೋಡಲಿಲ್ಲ. ದಿಂಬಿನ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಹಸಿರು ಮಾಸದ ಹುಲ್ಲು ಹೊರಚೆಲ್ಲಿ, ಕಣದ ತುಂಬ ಹೊಳೆಬದಿಯ ಪುದೀನದ ವಾಸನೆ ಹರಡಿತು.

"ಅಪ್ಪ, ನೆನ್ಸಿ ಕೊಡು. ಡಾಕ್ಟರಮ್ಮ ಹೇಳಿದ್ದು ಕೇಳಿಸ್ತು" ಎಂದಳು.

ತೂದಾ ಬಾಯಿ ತೆರೆದಳು. ಎಲ್ಲರೂ ಕಾದರು.

"ನಿನ್ನೆಯಿಂದ ನನ್ ಮಗ ಯಾಕೆ ಸೀನ್ತಾ ಅವ್ನೆ ಅಂತ ಈಗ ತಿಳೀತು" ಎಂದಳು ತೂದಾ. ಕಣ ಗೊಳ್ಳೆಂದು ನಕ್ಕಿತು. ಮುಸುಕಿನೊಳಗೂ ನಗು ಅಲುಗಿತು.

ಮಿಮೂನ್ ಒಂದು ಹಿಡಿ ಹುಲ್ಲನ್ನು ನೀರಿನಲ್ಲಿ ಅದ್ದಿ ಹಿಡಿದ. ತಿತ್ರೀತ್ ಮೂಸಿ, ಗಂಟಲಲ್ಲೇ ಮೆಲ್ಲಗೆ ಗುರುಗುಟ್ಟಿ, ತುಟಿಯ ತುದಿಯಲ್ಲಿ ಕಡ್ಡಿ ಕಡ್ಡಿಯಾಗಿ ಎಳೆದುಕೊಂಡಿತು. ಆ ಜಗಿಯುವ ಸದ್ದಿಗೆ ಇತ್ತೊಳ ಭುಜ ಇಳಿದದ್ದನ್ನು ಅವನು ಕಂಡ. ಆಗ ಮಾತ್ರ ತಲೆಯೆತ್ತಿ ಮಗಳ ಮುಖ ನೋಡಿದ.

ಎರಡು ದಿನ ತಡವಾಗಿ, ಆದರೆ ತನ್ನ ಕಾಲಿನ ಮೇಲೆ ತಾನು, ತಿತ್ರೀತ್ ಅಸಾಕಾಕ್ಕೆ ಮರಳಿತು. ಜೀನು ಖಾಲಿ, ಕೊಂಬಿಗೆ ಅತ್ತೆ ಕಟ್ಟಿದ ರೊಟ್ಟಿ. ಅಪ್ಪ ಮಗ ಇಬ್ಬರೂ ನಡೆದೇ ಬಂದರು. ದಾರಿಯುದ್ದಕ್ಕೂ ಹಳ್ಳದ ಬದಿಯಲ್ಲಿ ನಿಂತು ಹುಲ್ಲು ಕಿತ್ತು ಕುದುರೆಗೆ ತಿನ್ನಿಸುತ್ತಿದ್ದವನು ಝಾಯಿದ್. ಸಂತೆಗೆ ಹೊರಟವರು ಎದುರಾಗಿ, "ಏನಪ್ಪ ಹುಲ್ಲಿನವನ ಮಗನೇ" ಎಂದಾಗ "ಹೂಂ ಕಣಣ್ಣ, ಅವನ ಮಗನೇ" ಎಂದು ಕಿತ್ತ ಹುಲ್ಲನ್ನು ಮೂಗಿಗೆ ಹಿಡಿದು ನೋಡಿದ.

ಮುಂದಿನ ಬೇಸಿಗೆ ಹುಲ್ಲುಗಾವಲು ತೆರೆದಾಗ ತಾಝೂತಾದಿಂದ ಆಳು ಬಂದ. ಇತ್ತೊ ತನ್ನ ದಿಂಬಿನ ಗವಸು ಕಳಿಸಿದ್ದಳು, ತುಂಬಿ ಕೊಡಬೇಕಂತೆ. ಜೊತೆಗೆ ಇನ್ನೊಂದು ಗವಸು, ಅದು ತೂದಾಳದು. ಕತ್ತುನೋವಿಗೆ ಹುಲ್ಲಿನ ದಿಂಬು ಒಳ್ಳೆಯದೆಂದು ಯಾರೋ ಹೇಳಿದರಂತೆ, ಬೀಗರು ಬೇಜಾರು ಮಾಡಿಕೊಳ್ಳದೆ ತುಂಬಿ ಕಳಿಸಬೇಕಂತೆ. ಮಿಮೂನ್ ಆ ಗವಸನ್ನು ಬಿಡಿಸಿ ಹಿಡಿದ. ನೆಲದಿಂದ ಅವನ ಎದೆಯ ಮಟ್ಟಕ್ಕೆ ಬಂತು. ಅದರ ಮೇಲೆ ತಲೆಯಿಟ್ಟು ಮಲಗಬೇಕಾದರೆ ಕುದುರೆಯದೇ ತಲೆ ಬೇಕು.

"ಕುದ್ರೆ ಯಾವ ಬಣ್ಣದ್ದು ತಂದವ್ರೆ?" ಎಂದು ಆಳನ್ನು ಕೇಳಿದ.

"ಕರೀದು" ಎಂದ ಆಳು, ಎಂದವನೇ ನಾಲಿಗೆ ಕಚ್ಚಿಕೊಂಡ. "ಹೇಳ್ಬ್ಯಾಡ ಅಂದಿದ್ರು."

"ನೀನೆಲ್ಲಿ ಹೇಳ್ದೆ?" ಎಂದ ಮಿಮೂನ್. ಎರಡನೆಯ ಕೊಯ್ಲಿನ ಹುಲ್ಲನ್ನು ಒಂದೊಂದು ಹಿಡಿಯಾಗಿ ಕಿವಿಯ ಹತ್ತಿರ ತಿರುಚಿ ನೋಡಿ, ಬೀಗಿತ್ತಿಯ ಕತ್ತುನೋವಿಗೆ ತುಂಬತೊಡಗಿದ.